ಬಾಯಿಲ್ಲದ ಪಿಯಾನೋ, ಅಕ್ಕನ ಕರಿ ಐದು

ಹಗಲು ನಾನು ಹೊಸಪೇಟೆಯ ಟಿ.ಬಿ. ಡ್ಯಾಮಿನ ಕಾಲುವೆ ಕಚೇರಿಯಲ್ಲಿ ಗುಮಾಸ್ತ, ಉಳಿದ ಹೊತ್ತು ಪೇಟಿ ಮಾಸ್ತರ. ಹಾರ್ಮೋನಿಯಂಗೆ ನಮ್ಮ ಕಡೆ ಪೇಟಿ ಎನ್ನುತ್ತಾರೆ. ಸಿಟ್ಟು ನನಗೆ ಮೂಗಿನ ತುದಿಯಲ್ಲೇ ಇರುತ್ತದೆ, ಅದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು. ಸಂಡೂರಿನ ಒಂದು ಗಣಿ ಕಚೇರಿಯ ಮ್ಯಾನೇಜರು ನಮ್ಮ ಕ್ವಾರ್ಟರ್ಸಿನ ಬಾಗಿಲಲ್ಲಿ ಚಪ್ಪಲಿ ಸಹಿತ ನಿಂತು ಆ ಮಾತು ಆಡಿದಾಗ ನನ್ನ ಮೈ ಉರಿದುಹೋಯಿತು.

"ಪೇಟಿ ಗೀಟಿ ಬ್ಯಾಡ್ರಿ ಮಾಸ್ತರ. ಸಾಹೇಬ್ರ ಮಗಳ ಮದುವಿ. ಸ್ಟೇಜ್ ಮ್ಯಾಲೆ ಪಿಯಾನೋ ಇರ್ಬೇಕು. ವಿಡಿಯೋದಾಗ ಮಸ್ತ್ ಕಾಣ್ತೈತಿ."

"ಹಾಡು ಕೇಳಾಕ ಕರಸ್ತೀರೋ, ಪೆಟಗಿ ನೋಡಾಕ ಕರಸ್ತೀರೋ?" ಎಂದೆ.

ಅಷ್ಟರಲ್ಲಿ ಅಡುಗೆಮನೆಯಿಂದ ಅಕ್ಕ ಸೆರಗಿಗೆ ಕೈ ಒರೆಸಿಕೊಳ್ಳುತ್ತ ಬಂದಳು. "ತರ್ತಾನ್ರಿ, ಪಿಯಾನೋ ತರ್ತಾನ. ನೀವ್ ಒಳಗ ಬರ್ರಿ, ಕುಂದ್ರಿ, ಚಾ ಕುಡೀರಿ."

ಹಾಡುವವಳು ಅಕ್ಕನೇ. ನನಗಿಂತ ಹತ್ತು ವರ್ಷ ದೊಡ್ಡವಳು, ಆಗ ಐವತ್ತೆರಡು. ಮದುವೆ ಆಗಲಿಲ್ಲ, ಹಾಡು ಬಿಡಲಿಲ್ಲ. ಅವಳು, ನಾನು, ಮೆಟ್ರಿ ಹಳ್ಳಿಯಲ್ಲಿ ಭತ್ತ ಬೆಳೆಯುತ್ತಿದ್ದ ನನ್ನ ತಬಲಾ ಗೆಳೆಯ, ಇಷ್ಟೇ ನಮ್ಮ ಪಾರ್ಟಿ. ಅದು ಕಬ್ಬಿಣದ ಅದಿರಿನ ಕಾಲ. ಪಾಪಿನಾಯಕನಹಳ್ಳಿಯಲ್ಲಿ ಎತ್ತು ಕಟ್ಟುತ್ತಿದ್ದ ಜಾಗದಲ್ಲಿ ಟಿಪ್ಪರ್ ನಿಂತಿರುತ್ತಿತ್ತು. ಮದುವೆಗಳು ದೊಡ್ಡವಾದವು, ವೇದಿಕೆಗಳು ದೊಡ್ಡವಾದವು, ಬಳ್ಳಾರಿಯಿಂದ ಹೊಸ ಪಾರ್ಟಿಗಳು ಚಿಕ್ಕ ವಯಸ್ಸಿನ ಗಾಯಕಿಯರನ್ನು ಕರೆದುಕೊಂಡು ಬರತೊಡಗಿದವು. ಈ ಮದುವೆ ಚೆನ್ನಾಗಿ ಆದರೆ ಆ ಸಾಹೇಬರ ಬಳಗದ ಇಡೀ ಸೀಸನ್ ನಮ್ಮದು. ಕೈ ತಪ್ಪಿದರೆ ಅಕ್ಕನ ಹಾಡು ದೇವರಕೋಣೆಗೆ ಸೀಮಿತ. "ಸ್ಟೇಜ್ ಹೋತಂದ್ರ ನಾ ಹೋದಂಗ" ಎಂದು ಅವಳು ಹಲವು ಸಲ ಹೇಳಿದ್ದಳು. ತಮಾಷೆಗೆ ಹೇಳುತ್ತಿರಲಿಲ್ಲ.

ಇದರ ಹಿಂದೆ ನನಗೊಬ್ಬನಿಗೇ ಗೊತ್ತಿದ್ದ ಒಂದು ಸಂಗತಿ ಇತ್ತು. ಹಾಡುವವರ ಶ್ರುತಿಯನ್ನು ನಾವು ಪೇಟಿಯ ಕೀಗಳ ಲೆಕ್ಕದಲ್ಲೇ ಹೇಳುತ್ತೇವೆ: ಕರಿ ಒಂದು, ಬಿಳಿ ನಾಲ್ಕು, ಹೀಗೆ. ಅಕ್ಕನದು ಕರಿ ಐದು. ಹೆಂಗಸರಿಗೂ ಅದು ಎತ್ತರವೇ. ಕಂಪ್ಲಿ ಕಡೆ ಅವಳನ್ನು "ಕರಿ ಐದರಾಕಿ" ಎಂದೇ ಗುರುತಿಸುತ್ತಿದ್ದರು. ವಯಸ್ಸೋ, ಅದಿರಿನ ಕೆಂಪು ಧೂಳೋ, ಎರಡು ವರ್ಷದಿಂದ ಅವಳ ಮೇಲಿನ ಸಾ, ಹಾಡಿನ ತುದಿಯ ಸ್ವರ, ನಿಲ್ಲುತ್ತಿರಲಿಲ್ಲ. ಮುಟ್ಟುತ್ತಿತ್ತು, ಆಮೇಲೆ ಸವೆದ ದಾರದ ಹಾಗೆ ತೆಳುವಾಗಿ ಹರಿದುಹೋಗುತ್ತಿತ್ತು. ಅದು ಹರಿಯುವ ಮೊದಲೇ ನಾನು ಎಡಗೈಯಿಂದ ಪೇಟಿಗೆ ಗಾಳಿ ಜಾಸ್ತಿ ಮಾಡಿ ಅದೇ ಸ್ವರವನ್ನು ಒತ್ತಿ ಹಿಡಿಯುತ್ತಿದ್ದೆ. ಕೇಳುವವರ ಕಿವಿಗೆ ಎರಡೂ ಒಂದೇ ಆಗುತ್ತಿತ್ತು. ಅಕ್ಕನ ಕಿವಿಗೂ. ತನ್ನ ಧ್ವನಿ ಇನ್ನೂ ಹಾಗೇ ಇದೆ ಎಂದು ಅವಳು ನಂಬಿದ್ದಳು, ನಾನು ನಂಬಲು ಬಿಟ್ಟಿದ್ದೆ.

ಅಕ್ಕ ಕೂಡಿಟ್ಟದ್ದು ಮೂವತ್ತು ಸಾವಿರ ಇತ್ತು. "ಇಷ್ಟರಾಗ ಮುಗಿಸು" ಎಂದಳು.

ಮೊದಲು ನೋಡಿದ್ದು ಹೊಸಪೇಟೆಯಲ್ಲೇ, ಅರವತ್ತೊಂದು ಕೀಗಳ ಒಂದು ಕೀಬೋರ್ಡ್. ಹಗುರ, ಅಗ್ಗ, ಕಂಕುಳಲ್ಲಿ ಇಟ್ಟುಕೊಂಡು ಬಸ್ ಹತ್ತಬಹುದು. ಒಂದು ಗುಂಡಿ ಒತ್ತಿದರೆ ತಾನೇ ತಾಳ ಹಾಕುತ್ತದೆ. ಜೊತೆಗೆ ಬಂದಿದ್ದ ತಬಲಾ ಗೆಳೆಯ ಅದನ್ನು ಕೇಳಿ ಅಂಗಡಿಯ ಹೊರಗೆ ಹೋಗಿ ನಿಂತ. "ಇದನ್ನ ತಂದ್ರ ನಾ ಭತ್ತದ ಗದ್ದಿಗೆ ಹೋಗ್ತೀನಿ ಬಿಡಪ" ಎಂದ. ಅವನಿಗಾಗಿ ಬಿಟ್ಟೆ ಎಂದರೆ ಸುಳ್ಳಾಗುತ್ತದೆ. ಮೆಲ್ಲಗೆ ಒತ್ತಿದರೂ ಜೋರಾಗಿ ಒತ್ತಿದರೂ ಅದು ಒಂದೇ ಸಮ ಕಿರುಚುತ್ತಿತ್ತು. ನನಗೆ ತಲೆನೋವು ಬಂತು.

ಎರಡನೆಯದು ಹಂಪಿಯ ಹಾದಿಯಲ್ಲಿದ್ದ ಒಂದು ಹೋಟೆಲಿನದು. ವಿದೇಶಿಯರಿಗೆಂದು ತರಿಸಿದ್ದ ಡಿಜಿಟಲ್ ಪಿಯಾನೋವನ್ನು ಅವರು ಮಾರುತ್ತಿದ್ದರು. ಧ್ವನಿ ಬಂಗಾರ. ಆದರೆ ಮರದ ಕಪಾಟಿನಂಥ ಮೈ, ನಾಲ್ಕು ಜನ ಹಿಡಿದರೂ ಕದಲಲಿಲ್ಲ. "ಮೈನ್ಸಿನವರ ಕಡೆ ಕ್ರೇನ್ ಕೇಳೋಣೇನು?" ಎಂದ ಗೆಳೆಯ. ಅಲ್ಲಿಗೆ ಅದೂ ಮುಗಿಯಿತು.

ಮೂರನೆಯದು ಬಳ್ಳಾರಿಯ ಅಂಗಡಿಯಲ್ಲಿ ಸಿಕ್ಕಿತು. ಎಂಬತ್ತೆಂಟು ಕೀಗಳ ಸ್ಟೇಜ್ ಪಿಯಾನೋ, ಸೆಕೆಂಡ್ ಹ್ಯಾಂಡ್. ಕೀಗಳಿಗೆ ಒಳಗೆ ತೂಕ ಇತ್ತು. ಮೆಲ್ಲಗೆ ಒತ್ತಿದರೆ ಮೆಲ್ಲಗೆ, ಜೋರಾಗಿ ಒತ್ತಿದರೆ ಜೋರಾಗಿ ನುಡಿಯುತ್ತಿತ್ತು. ಇಷ್ಟು ವರ್ಷ ಎಡಗೈ ಗಾಳಿ ಹಾಕಿ ಮಾಡುತ್ತಿದ್ದ ಕೆಲಸ ಬೆರಳಿಗೇ ಬಂದುಬಿಟ್ಟಿತಲ್ಲ ಎಂದು ನನಗೆ ಹುಚ್ಚು ಹಿಡಿಯಿತು. ಒಂದು ಗಂಟೆ ನುಡಿಸಿದೆ. ನನ್ನ ಎಡಗೈ ಮಾತ್ರ ಹಳೆಯ ಚಾಳಿ ಬಿಡದೆ ಗಾಳಿಯಲ್ಲಿ ಹಿಂದೆ ಮುಂದೆ ಆಡುತ್ತಿತ್ತು.

"ಸೊಳ್ಳಿ ಕಡೀತಾವೇನ್ರಿ ಸರ?" ಎಂದು ಅಂಗಡಿಯವನು ಕೇಳಿದ.

ತೂಕ ಕೇಳಿದೆ. ಜನರೇಟರ್ ಕರೆಂಟಿಗೆ ತಡೆಯುತ್ತದೆಯೇ ಎಂದು ಕೇಳಿದೆ. ಧೂಳು ಹೊಕ್ಕರೆ ಬಿಚ್ಚುವವರು ಯಾರು ಎಂದು ಕೇಳಿದೆ. ಹಾಡುವವರಿಗೆ ಶ್ರುತಿ ಇಳಿಸಿ ಏರಿಸುವ ಗುಂಡಿ ಇದೆ, ನಿಮ್ಮ ಬೆರಳು ಇದ್ದಲ್ಲೇ ಇರುತ್ತದೆ ಎಂದು ಅವನೇ ತೋರಿಸಿದ. "ನಮ್ಮಕ್ಕಗ ಅದರ ಗರಜಿಲ್ಲ" ಎಂದೆ. ಚೌಕಾಸಿ ಮಾಡಿ ಮೂವತ್ತರೊಳಗೇ ಮುಗಿಸಿದೆ. ಅಂಗಡಿಯಲ್ಲಿ ನುಡಿಸಿದ್ದೆಲ್ಲ ಓಟದ ನುಡಿತ. ಒಂದು ಸ್ವರವನ್ನೂ ಹಿಡಿದು ನಿಲ್ಲಿಸಿ ನೋಡಲಿಲ್ಲ, ಏಕೆಂದರೆ ಅಲ್ಲಿ ಹಾಡುವವರು ಯಾರೂ ಇರಲಿಲ್ಲ.

ಮನೆಗೆ ತಂದು, ಅಕ್ಕ ಕುಂಕುಮ ಹಚ್ಚಿ, ಊದಿನಕಡ್ಡಿ ಬೆಳಗಿದ ಮೇಲೆ ಗುಂಡಿ ಒತ್ತಿದೆ. ದೀಪ ಹತ್ತಿತು. ಕೀ ಒತ್ತಿದೆ. ಉಸಿರೇ ಇಲ್ಲ. ಇನ್ನೊಂದು ಒತ್ತಿದೆ. ಅಕ್ಕ ನನ್ನ ಮುಖ ನೋಡಿದಳು, ನಾನು ಗೋಡೆ ನೋಡಿದೆ. ಎಸ್‌ಟಿಡಿ ಬೂತಿಗೆ ಓಡಿ ಫೋನ್ ಮಾಡಿದರೆ ಅಂಗಡಿಯವನು ನಕ್ಕ. "ಸ್ಟೇಜ್ ಪಿಯಾನೋಕ್ಕ ಸ್ಪೀಕರ್ ಇರಂಗಿಲ್ರಿ ಸರ. ಇಲ್ಲಿ ನಮ್ ಸ್ಪೀಕರ್ ಡಬ್ಬಿಗೆ ಹಚ್ಚಿದ್ವಿ." ನಾವು ಪೇಟಿಯವರು. ವಾದ್ಯ ಎಂದ ಮೇಲೆ ಅದರ ಬಾಯಿ ಅದರಲ್ಲೇ ಇರುತ್ತದೆ ಎಂದುಕೊಂಡವರು. ನೂರು ಪ್ರಶ್ನೆ ಕೇಳಿದ ಜಾಣ ಅದೊಂದನ್ನು ಕೇಳಿರಲಿಲ್ಲ.

"ಬಾಯಿಲ್ಲದ ಬಸವಣ್ಣನ್ನ ತಂದೀಯಲ್ಲೋ" ಎಂದು ಅಕ್ಕ ಬಿದ್ದು ಬಿದ್ದು ನಕ್ಕಳು. ಸ್ಪೀಕರಿಗೆ ದುಡ್ಡು ಉಳಿದಿರಲಿಲ್ಲ. ಮದುವೆಯ ದಿನ ಮಂಟಪದ ಸೌಂಡಿನವರೇ ಇರುತ್ತಾರೆ, ಅಲ್ಲಿಯವರೆಗೆ ಹೆಡ್‌ಫೋನ್ ಸಾಕು ಎಂದೆ. ಹಾಗಾಗಿ ತಾಲೀಮು ಎಂದರೆ ನಾನು ಕಿವಿಗೆ ಹೆಡ್‌ಫೋನ್ ಹಾಕಿಕೊಂಡು ಬೆರಳು ಪಳಗಿಸಿದ್ದಷ್ಟೇ. ಅಕ್ಕ ಎಂದಿನಂತೆ ಪೇಟಿಯ ಜೊತೆ ಅರ್ಧ ಧ್ವನಿಯಲ್ಲಿ ಗುನುಗಿಕೊಂಡಳು. ಪೂರ್ತಿ ಧ್ವನಿಯನ್ನು ಅವಳು ವೇದಿಕೆಗೇ ಉಳಿಸಿಕೊಳ್ಳುತ್ತಿದ್ದಳು.

ಮದುವೆಯ ದಿನ ಬೆಳಿಗ್ಗೆ ಪಿಯಾನೋವನ್ನು ಕಂಬಳಿಯಲ್ಲಿ ಸುತ್ತಿ ಬಾಡಿಗೆ ಜೀಪಿನಲ್ಲಿ ಹಾಕಿದೆವು. ಸಂಡೂರಿನ ದಾರಿ ತುಂಬ ಅದಿರಿನ ಲಾರಿ. ಇಳಿಯುವಾಗ ಕಂಬಳಿ ಕೆಂಪು, ನಮ್ಮ ರೆಪ್ಪೆ ಕೆಂಪು. ಅಕ್ಕ ಮಾತ್ರ ಸೆರಗನ್ನು ಮೂಗಿನ ಮೇಲಿಂದ ತೆಗೆದಿರಲೇ ಇಲ್ಲ. ನೆಲದ ಮೇಲೆ ಚಕ್ಕಂಬಟ್ಟಲು ಹಾಕಿ ಕೂತು ನುಡಿಸಿದವನು ನಾನು, ಅವತ್ತು ನಿಂತು ನುಡಿಸಬೇಕಾಗಿತ್ತು.

ಮೊದಲ ಹಾಡು ಶುರುವಾಯಿತು. ದೊಡ್ಡ ಸ್ಪೀಕರುಗಳಲ್ಲಿ ಪಿಯಾನೋ ಗಂಟೆ ಹೊಡೆದಂತೆ ಮೊಳಗಿತು, ಮುಂದಿನ ಸಾಲಿನವರು ತಿರುಗಿ ನೋಡಿದರು. ಅಕ್ಕ ಹಾಡು ಮೇಲೇರುವ ಅಂತರಾಗೆ ಬಂದಳು, ಮೇಲಿನ ಸಾ ಹತ್ತಿದಳು. ನಾನು ಆ ಸ್ವರ ಒತ್ತಿ ಹಿಡಿದೆ. ಪಿಯಾನೋದ ಸ್ವರಕ್ಕೆ ಗಾಳಿ ಇಲ್ಲ. ಅದು ಹುಟ್ಟಿದ ಕ್ಷಣದಿಂದ ಸಾಯುತ್ತ ಹೋಗುತ್ತದೆ. ಕಾಲಿನ ಪೆಡಲ್ ಒತ್ತಿದೆ, ಇನ್ನೊಂದಿಷ್ಟು ಎಳೆಯಿತು, ಸತ್ತಿತು. ನನ್ನ ಎಡಗೈ ಇಲ್ಲದ ಗಾಳಿಯನ್ನು ಹಾಕುತ್ತಲೇ ಇತ್ತು. ಅಕ್ಕನ ಧ್ವನಿ ಒಂದೇ ಉಳಿಯಿತು, ನಡುಗಿತು, ಒಡೆಯಿತು.

ಅವಳು ನನ್ನ ಕಡೆ ನೋಡಿದಳು. ಮೆಟ್ಟಿಲು ಇದೆ ಎಂದು ಇಲ್ಲದ ಕಡೆ ಕಾಲಿಟ್ಟವರು ನೋಡುವ ಹಾಗೆ.

ಎರಡನೆಯ ಹಾಡಿನಲ್ಲೂ ಅದೇ. ಪಿಯಾನೋದಲ್ಲಿ ಎಳೆದು ನಿಲ್ಲುವ ಆರ್ಗನ್ ಧ್ವನಿ ಇತ್ತು, ಅದಕ್ಕೆ ಬದಲಿಸಿದೆ. ಮ್ಯಾನೇಜರು ವೇದಿಕೆಯ ಬುಡಕ್ಕೆ ಬಂದರು. "ಇದೇನ್ರಿ, ಭಜನಿ ಸೌಂಡು? ಪಿಯಾನೋನೇ ಇರ್ಲಿ. ಮತ್ತ ಅಮ್ಮಾರಿಗೆ ಆರಾಮಿಲ್ಲೇನು? ಊಟದ ಮ್ಯಾಲೆ ಬಳ್ಳಾರಿ ಪಾರ್ಟಿ ಕರಸ್ಲೇನು?"

ಅಕ್ಕನಿಗೂ ಅದು ಕೇಳಿಸಿತು. ನಾನು ಪಿಯಾನೋ ಧ್ವನಿಗೇ ಮರಳಿದೆ. ಅವಳು ನೀರು ಕುಡಿಯಲು ತಿರುಗಿದ ಹೊತ್ತಿನಲ್ಲಿ ಶ್ರುತಿ ಇಳಿಸುವ ಗುಂಡಿಯನ್ನು ನಾನು ಮೂರು ಸಲ ಒತ್ತಿದೆ. ಬೆರಳು ಕರಿ ಐದರ ಮೇಲೇ, ನುಡಿಯುವುದು ಮೂರು ಮೆಟ್ಟಿಲು ಕೆಳಗಿನ ಬಿಳಿ ಐದು. ಗೆಳೆಯ ಒಂದು ಸ್ವರ ಕೇಳಿದವನೇ ನನ್ನ ಮುಖ ನೋಡಿದ, ಚೀಲದಿಂದ ಗಂಡಸರ ಇಳಿದ ಶ್ರುತಿಗೆ ಇಟ್ಟುಕೊಂಡಿದ್ದ ದಪ್ಪ ತಬಲ ತೆಗೆದ. ಆಮೇಲಿನ ಆರು ಹಾಡೂ ನೀರಿನಂತೆ ಹರಿದವು. ಮ್ಯಾನೇಜರು ಊಟದ ಎಲೆಯ ಮುಂದೆ ಕೈ ಮುಗಿದು, ಸೀಸನ್ ಪೂರ್ತಿ ನಿಮ್ಮದೇ ಎಂದರು. ವಾಪಸು ಬರುವಾಗ ಹೊಸಪೇಟೆ ಮುಟ್ಟುವವರೆಗೂ ಅಕ್ಕನ ಕಣ್ಣು ಗೆಳೆಯನ ತಬಲದ ಚೀಲದ ಮೇಲೇ ಇತ್ತು.

ಮನೆಯಲ್ಲಿ ಪಿಯಾನೋ ಇಳಿಸಿ, ಕೆಟ್ಟಿಲ್ಲ ತಾನೇ ಎಂದು ನೋಡಲು ಚಾಲೂ ಮಾಡಿದೆ. ಸಣ್ಣ ಕಿಟಕಿಯಲ್ಲಿ ಕೆಂಪು ಅಕ್ಷರ ಹೊತ್ತಿತು. ಒಂದು ಗೆರೆ, ಒಂದು ಮೂರು, ಎಂದರೆ ಮೂರು ಮೆಟ್ಟಿಲು ಕೆಳಗೆ. ಆ ಯಂತ್ರ ಅದನ್ನು ಮರೆತಿರಲಿಲ್ಲ. ಅಕ್ಕ ನನ್ನ ಹಿಂದೆಯೇ ನಿಂತಿದ್ದಳು.

"ಮೂರಂದ್ರ ಏನದು?"

"ಧೂಳ ಹೊಕ್ಕೈತಿ. ಏನೇನೋ ತೋರಸ್ತೈತಿ."

"ನನ್ನ ಮುಂದ ಸುಳ್ಳ ಹೇಳಬ್ಯಾಡಲೇ. ತಬಲ ಬದಲಿ ಆತು, ನನಗ ಕಿವಿ ಇಲ್ಲೇನು?" ಆಮೇಲೆ ಕೇಳಿದಳು: "ಇವತ್ತು ಒಡದ ಧ್ವನಿ ಪೇಟಿ ಇದ್ದಾಗ ಯಾಕ ಒಡೀತಿದ್ದಿಲ್ಲ?"

ಅವಳು ನನ್ನ ಎಡಗೈಯನ್ನೇ ನೋಡಿದಳು.

"ಎಷ್ಟ ದಿನ ಆತು?"

"ಎರಡು ವರ್ಷ."

"ಎರಡು ವರ್ಷ ಜನ ಚಪ್ಪಾಳಿ ಹೊಡದ್ರು, ನಾ ತಲಿ ಬಗ್ಗಿಸಿ ತಗೊಂಡೆ. ಕಳ್ಳಿ ಮಾಡಿದಿ ನನ್ನ" ಎಂದಳು. ಕಣ್ಣು ತುಂಬಿತ್ತು, ಅಳಲಿಲ್ಲ. ಒಳಗೆ ಹೋಗಿ ಪಾತ್ರೆಗಳನ್ನು ಎತ್ತಿ ಕುಕ್ಕಿದಳು. ನಿನ್ನ ಸಲುವಾಗಿಯೇ ಮಾಡಿದ್ದು ಎಂದು ಹೇಳಲು ಎರಡು ಸಲ ಎದ್ದೆ, ಎರಡು ಸಲ ಕೂತೆ. ನನ್ನ ಮೇಲೆ ನನಗೇ ಬಂದಷ್ಟು ಸಿಟ್ಟು ಆ ಮ್ಯಾನೇಜರ ಮೇಲೂ ಬಂದಿರಲಿಲ್ಲ.

ಮರುದಿನ ಭಾನುವಾರ. ಅಕ್ಕ ಸ್ನಾನ ಮಾಡಿ ಬಂದು ಪಿಯಾನೋದ ಮುಂದೆ ನಿಂತಳು. "ಆ ಕಿವಿದು ಇಲ್ಲಿ ಕೊಡು" ಎಂದು ಹೆಡ್‌ಫೋನನ್ನು ಒದ್ದೆ ಕೂದಲ ಮೇಲೆ ತಾನೇ ಹಾಕಿಕೊಂಡಳು. "ಸೊನ್ನಿಗೆ ತಾ. ಮೇಲಿನ ಸಾ ಒತ್ತು."

ಒತ್ತಿದೆ. ಪಿಯಾನೋ ಅವಳ ಕಿವಿಯೊಳಗೆ ಮಾತ್ರ ನುಡಿಯಿತು. ಕೋಣೆಯಲ್ಲಿ ಇದ್ದದ್ದು ಅವಳ ಧ್ವನಿ ಒಂದೇ. ಎರಡು ವರ್ಷದಲ್ಲಿ ಅದನ್ನು ಬರಿದಾಗಿ ನಾನು ನಿಂತು ಕೇಳಿರಲಿಲ್ಲ, ಯಾವಾಗಲೂ ಮುಚ್ಚುವ ಗಡಿಬಿಡಿಯಲ್ಲೇ ಇದ್ದೆ. ಏರಿತು, ಒಡೆಯಿತು. ಅವಳು ಬೆರಳಿನಿಂದ ಕೆಳಗೆ ತೋರಿಸಿದಳು. ಒಂದು ಇಳಿಸಿದೆ. ಏರಿತು, ಕೊನೆಯಲ್ಲಿ ನಡುಗಿತು. ಮತ್ತೆ ಬೆರಳು. ಇನ್ನೊಂದು ಇಳಿಸಿದೆ. ಏರಿತು, ನಿಂತಿತು. ಹೊರಗೆ ಒಂದು ಬಸ್ ಬಂದು, ಜನರನ್ನು ಇಳಿಸಿ, ಹೋಗುವವರೆಗೂ ನಿಂತಿತು. ನಾನು ಮೂರನೆಯ ಸಲ ಒತ್ತಲು ಕೈ ಚಾಚಿದೆ.

ಕೈಗೆ ಫಟ್ಟನೆ ಹೊಡೆದಳು. "ಸಾಕು! ಕರಿ ನಾಲ್ಕು. ನೀ ಒಂದು ಮೆಟ್ಟಲ ಜಾಸ್ತಿನೇ ಇಳಿಸಿದ್ದಿ ನನ್ನ. ಅಷ್ಟೇನ್ ಮುದುಕಿ ಆಗಿಲ್ಲ ನಾ."

ಆಮೇಲೆ ಗುಂಡಿಯನ್ನು ತಾನೇ ಒತ್ತಿ ಸೊನ್ನೆಗೆ ತಂದಳು. ಕರಿ ನಾಲ್ಕನ್ನು ಕರಿ ನಾಲ್ಕರಲ್ಲೇ ನುಡಿಸಬೇಕು, ಬೆರಳು ಒಂದು ಕಡೆ ಧ್ವನಿ ಒಂದು ಕಡೆ ನಡೆಯದು ಎಂದಳು. ಇಪ್ಪತ್ತು ವರ್ಷ ಕರಿ ಐದಕ್ಕೆ ಒಗ್ಗಿದ ಬೆರಳುಗಳು ದಾರಿ ತಪ್ಪಿದವು. ತಪ್ಪಿದಾಗಲೆಲ್ಲ ಬೈಸಿಕೊಂಡೆ.

ಹದಿನೈದು ದಿನದ ಮೇಲೆ ಸಂಡೂರಿನಲ್ಲೇ ಎರಡನೆಯ ಮದುವೆ. ಗೆಳೆಯ ಶ್ರುತಿ ಕೂಡಿಸುವ ಸುತ್ತಿಗೆ ಹಿಡಿದು ತಬಲದ ಮುಂದೆ ಕೂತು ತಡವರಿಸಿದ. ಇಪ್ಪತ್ತು ವರ್ಷದಲ್ಲಿ ಅವನು ಕೇಳುವ ಅಗತ್ಯವೇ ಬಿದ್ದಿರದ ಪ್ರಶ್ನೆ ಅದು. "ಅಕ್ಕಾ, ಎಷ್ಟಕ್ಕ ಕೂಡಸ್ಲಿ?"

"ಕರಿ ನಾಲ್ಕು" ಎಂದಳು ಅಕ್ಕ. ಮೈಕ್ ಚಾಲೂ ಇತ್ತು. ಇಡೀ ಮಂಟಪಕ್ಕೆ ಕೇಳಿಸಿತು.

ಅಂತರಾ ಬಂತು. ಅವಳು ಮೇಲಿನ ಸಾ ಹತ್ತುವಾಗ ನನ್ನ ಎಡಗೈ ತಾನಾಗಿ ಎದ್ದಿತು. ಅದನ್ನು ಹಿಡಿದು ಪ್ಯಾಂಟಿನ ಜೇಬಿಗೆ ಹಾಕಿಕೊಂಡೆ. ಪಿಯಾನೋದ ಸ್ವರ ಸತ್ತಿತು, ಅಕ್ಕನದು ನಿಂತೇ ಇತ್ತು.