ಬ್ಯಾನರ್ ಇಲ್ಲದ ಗುರುವಾರ

ನಮ್ಮ ಸ್ವಯಂಸೇವಾ ಸಂಸ್ಥೆಯಲ್ಲಿ ತರಬೇಕಾದ ಬದಲಾವಣೆಯ ಯೋಜನೆಯನ್ನು ಕೊನೆಯಿಂದ ಶುರು ಮಾಡಿ ಬರೆಯುತ್ತೇವೆ. ಗೋಡೆಯ ಬಲತುದಿಗೆ ಒಂದು ಹಳದಿ ಚೀಟಿ ಅಂಟಿಸಿ, ಅನುದಾನ ಮುಗಿಯುವ ಹೊತ್ತಿಗೆ ಏನಾಗಿರಬೇಕು ಎಂದು ಬರೆಯುವುದು. ಅದಾಗಬೇಕಾದರೆ ಅದಕ್ಕೆ ಮುಂಚೆ ಏನಾಗಬೇಕು, ಅದಕ್ಕೂ ಮುಂಚೆ ಏನು ಎಂದು ಕೇಳಿಕೊಳ್ಳುತ್ತ ಎಡಕ್ಕೆ ಸರಿಯುವುದು. ಕೊನೆಗೆ ಸ್ವಿಚ್‌ಬೋರ್ಡಿನ ಹತ್ತಿರ, ನಾಳೆ ಬೆಳಿಗ್ಗೆ ಏನು ಮಾಡಬೇಕು ಎಂಬಲ್ಲಿಗೆ ಬಂದು ನಿಲ್ಲುತ್ತೇವೆ. ದುಡ್ಡು ಕೊಡುವವರಿಗೆ ಈ ಗೋಡೆಯ ಫೋಟೋ ಹೋಗುತ್ತದೆ.

ಪ್ರತಿ ಚೀಟಿಯ ಕೆಳಗೆ 'ಏನು ಕೆಡಬಹುದು' ಎಂದು ಬರೆಯುವ ಕೆಲಸ ನನ್ನದು. ಅದಕ್ಕೇನೂ ಚುನಾವಣೆ ನಡೆಯಲಿಲ್ಲ. ಎಲ್ಲರೂ ನನ್ನ ಕಡೆ ತಿರುಗಿ ನೋಡಿದರು, ಅಷ್ಟೆ. ಗ್ಯಾಸ್ ಆಫ್ ಮಾಡಿದೆನೋ ಇಲ್ಲವೋ ಎಂದು ಹೆಬ್ಬಾಳದ ಫ್ಲೈಓವರ್ ದಾಟಿದ ಮೇಲೂ ಮನೆಗೆ ವಾಪಸ್ ಹೋದವಳು ನಾನು. ಐವತ್ತು ಹತ್ತಿರವಾದಂತೆ ಈ ರೋಗ ಕಡಿಮೆಯಾಗುತ್ತದೆ ಎಂದುಕೊಂಡಿದ್ದೆ. ಅದಕ್ಕೆ ಈಗ ಸಂಬಳ ಬರುತ್ತಿದೆ.

ಈ ಸಲ ಬಲತುದಿಯ ಚೀಟಿಯಲ್ಲಿದ್ದದ್ದು ಇಷ್ಟು: ಮದುವೆಯಾಗದ ಹುಡುಗಿಯೊಬ್ಬಳು ಸರ್ಕಾರಿ ಆರೋಗ್ಯ ಕೇಂದ್ರಕ್ಕೆ ಹೋಗಿ, ಬಿಳಿ ಹೋಗುವುದರ ಬಗ್ಗೆಯೋ ಗರ್ಭನಿರೋಧಕದ ಬಗ್ಗೆಯೋ ತಲೆತಗ್ಗಿಸದೆ ಕೇಳಿ ಬರಬೇಕು. ಅಷ್ಟಕ್ಕೇ ಅರ್ಧ ಗೋಡೆ ಬೇಕಾಯಿತು. ಮತ್ತಿಕೆರೆಯ ಆಚೆ, ಹುಡುಗಿಯರು ಬಾಡಿಗೆಗಿರುವ ಪಿಜಿಗಳೇ ತುಂಬಿದ ಬೀದಿಯೊಂದರ ಕೇಂದ್ರದಲ್ಲಿ ಡಾಕ್ಟರು ನಮಗೆ ಹಿಂಬದಿಯ ಕೋಣೆಯನ್ನು ಗುರುವಾರ ಮಧ್ಯಾಹ್ನಗಳಿಗೆ ಬಿಟ್ಟುಕೊಟ್ಟರು. ಅದೂ ಒಂದು ತಿಂಗಳ ಮಟ್ಟಿಗೆ. ಆಮೇಲೂ ಯಾರೂ ಬರದಿದ್ದರೆ ಕೋಣೆ ಲ್ಯಾಬಿಗೆ. "ನನಗೂ ಮೇಲಿನವರು ಕೇಳ್ತಾರೆ ಮೇಡಂ, ಖಾಲಿ ಕೋಣೆ ಇಟ್ಕೊಂಡು ಏನ್ ಹೇಳ್ಲಿ" ಎಂದರು. ನ್ಯಾಯವಾದ ಮಾತು.

ಮೊದಲ ಗುರುವಾರ ನಾವು ಬ್ಯಾನರ್ ಕಟ್ಟಿದೆವು. ಅನುದಾನದ ಕೆಲಸವೆಂದರೆ ಬ್ಯಾನರ್ ಇರಲೇಬೇಕು. ಕೊಟ್ಟವರ ಲಾಂಛನ, ನಮ್ಮ ಲಾಂಛನ, ನಡುವೆ ವಿಷಯ, ಅದರ ಮುಂದೆ ನಿಂತು ಒಂದು ಫೋಟೋ. 'ಯುವತಿಯರ ಲೈಂಗಿಕ ಆರೋಗ್ಯ ಹಕ್ಕು ಸಲಹಾ ಕೇಂದ್ರ' ಎಂದು ರಸ್ತೆಯ ಆ ಬದಿಗೂ ಕಾಣುವಂಥ ಕೆಂಪು ಅಕ್ಷರ. ಗೋಡೆಯ ಮೇಲೆ ಬ್ಯಾನರಿನ ಚೀಟಿಯ ಕೆಳಗೆ ನಾನು ಬರೆದಿದ್ದ ಅಪಾಯ ಒಂದೇ: 'ಬ್ಯಾನರ್ ಗಾಳಿಗೆ ಹಾರಿಹೋಗಬಹುದು.' ಆದ್ದರಿಂದ ನಾನೇ ಕುರ್ಚಿ ಹತ್ತಿ ನೈಲಾನ್ ಹಗ್ಗದಲ್ಲಿ ಗಂಟಿನ ಮೇಲೆ ಗಂಟು ಹಾಕಿದೆ.

ಬ್ಯಾನರ್ ಹಾರಲಿಲ್ಲ. ಯಾರೂ ಬರಲೂ ಇಲ್ಲ.

ಒಳಗೆ ಕೂತು ಸಲಹೆ ಕೊಡಬೇಕಾದ ನಮ್ಮ ಹುಡುಗಿ ಗದಗದ ಕಡೆಯವಳು, ಸಂಸ್ಥೆಗೆ ಸೇರಿ ಎರಡು ವರ್ಷವಾಗಿತ್ತು. ಸುಮ್ಮನೆ ಕೂರಲಾರದೆ ಹೊರಗೆ ಹೋದವಳು ಬೇಗನೆ ಬಂದು ನನ್ನ ಪಕ್ಕ ಕೂತಳು.

"ಮೇಡಂ, ಹುಡ್ಗ್ಯಾರು ಬಂದಾರ್ರಿ. ಎಳನೀರಿನ ಗಾಡಿ ತನಕಾ ಬರ್ತಾರ. ಬ್ಯಾನರ್ ಓದ್ತಾರ. ಹೊಳ್ಳಿ ಹೋಗ್ತಾರ."

ಬಾಗಿಲಿಗೆ ಬಂದು ನೋಡಿದೆ. ನಿಜವೇ. ಇಬ್ಬಿಬ್ಬರಾಗಿ ಬರುತ್ತಿದ್ದರು, ತಲೆಯೆತ್ತಿ ನೋಡುತ್ತಿದ್ದರು, ಏನೋ ಮರೆತವರಂತೆ ತಿರುಗುತ್ತಿದ್ದರು. ಬ್ಯಾನರಿನ ಕೆಳಗೇ ಬಿಪಿ ಮಾತ್ರೆಯ ಸಾಲು. ಆ ಸಾಲಿನಲ್ಲಿ ಅವರದೇ ಪಿಜಿಯ ಓನರ್ ಆಂಟಿ. ಊರಿನ ಹಳೇ ಮನೆತನದವರು, ರಾಗಿ ಬೆಳೆದ ನೆಲದಲ್ಲಿ ಈಗ ಐದಂತಸ್ತು ಎಬ್ಬಿಸಿದ್ದಾರೆ. ಅವರು ನನ್ನನ್ನು ಕರೆದು ಮೆಲ್ಲಗೆ ಕೇಳಿದರು: "ಏನಮ್ಮಾ ಇದು, ಇಂಗೆಲ್ಲಾ ರೋಡಿಗೆ ಬರ್ದು ಆಕವ್ರೆ? ನಮ್ ಬಿಲ್ಡಿಂಗ್ ಹುಡ್ಗೀರು ಒಳ್ಳೆಯವ್ರು, ಅವ್ರು ಯಾರೂ ಬರಾಕಿಲ್ಲ ಬುಡು."

ಆಂಟಿ ಸಾಲಿನಲ್ಲಿರುವ ತನಕ ಆ ಬ್ಯಾನರಿನ ಕೆಳಗೆ ನುಸುಳಿ ಬರುವುದೆಂದರೆ, ತಾನು ಯಾಕೆ ಬಂದೆ ಎಂದು ಮೈಕಿನಲ್ಲಿ ಹೇಳಿದ ಹಾಗೆ. ಆ ಸಂಜೆ ನನ್ನ ಗಂಟು ಬಿಚ್ಚಲಿಲ್ಲ. ಫಾರ್ಮಸಿಯಿಂದ ಕತ್ತರಿ ತರಿಸಬೇಕಾಯಿತು.

ಕಚೇರಿಯಲ್ಲಿ ಜಗಳವೇ ಆಯಿತು ಅನ್ನಿ. ಹಕ್ಕು ಎಂದ ಮೇಲೆ ಆ ಪದವನ್ನು ಮುಚ್ಚಿಡುವುದೆಂದರೆ ಸೋತಂತಲ್ಲವೇ ಎಂಬ ವಾದ ಒಂದು ಕಡೆ. ಅದು ನನ್ನದೇ ವಾದವಾಗಿತ್ತು, ಇಪ್ಪತ್ತು ವರ್ಷ ಅದನ್ನೇ ಹೇಳಿಕೊಂಡು ಬಂದವಳು. ಗದಗದ ಹುಡುಗಿ ಮಾತ್ರ ಶಾಂತವಾಗಿ, "ಧೈರ್ಯ ನಮ್ದು ಮೇಡಂ, ಬೈಸ್ಕೊಳ್ಳಾಕಿ ಒಳಗ ಬರೋ ಹುಡ್ಗಿ" ಎಂದಳು. ಯಾರಿಗೂ ಗೊತ್ತಾಗದ ಹಾಗೆ ಡಾಕ್ಟರನ್ನು ಕಾಣುವುದೂ ಹಕ್ಕೇ ಎಂದು ಆಮೇಲೆ ಒಪ್ಪಿಕೊಂಡೆವು. ನಮ್ಮ ಗೋಡೆಯ ಮೇಲೆ ಅದಕ್ಕೊಂದು ಚೀಟಿ ಇರಲಿಲ್ಲ. ಇಡೀ ಎಡಭಾಗ ಕಿತ್ತು ಮತ್ತೆ ಅಂಟಿಸಿದೆವು.

ದುಡ್ಡು ಕೊಡುವವರ ಅಧಿಕಾರಿ ದೆಹಲಿಯಿಂದ ವಿಡಿಯೋ ಕಾಲಿನಲ್ಲಿ ಬಂದರು. ಬ್ಯಾನರೂ ಇಲ್ಲ, ಫೋಟೋನೂ ಇಲ್ಲ ಎಂದು ಹೇಳುವುದನ್ನು ನಾನು ಸ್ನಾನದ ಮನೆಯಲ್ಲಿ ಅಭ್ಯಾಸ ಮಾಡಿದ್ದೆ. ಅನುದಾನ ನಿಂತುಹೋದರೆ ಗದಗದ ಹುಡುಗಿಯ ಸಂಬಳ, ಕಚೇರಿಯ ಬಾಡಿಗೆ ಎಂದೆಲ್ಲ ಹಿಂದಿನ ರಾತ್ರಿಯೇ ಮುಳುಗಿ ಎದ್ದಿದ್ದೆ. ಆಕೆ ಎಲ್ಲ ಕೇಳಿಸಿಕೊಂಡು, ಹಾಗಾದರೆ ಕೆಲಸ ನಡೆಯುತ್ತಿದೆ ಎಂದು ತಿಳಿಯುವುದು ಹೇಗೆ ಎಂದು ಮಾತ್ರ ಕೇಳಿದರು. ಬಂದ ಹುಡುಗಿ ಇನ್ನೊಬ್ಬಳಿಗೆ ಹೇಳಿ ಕಳಿಸಿದರೆ ನಡೆಯುತ್ತಿದೆ ಎಂದರ್ಥ ಎಂದೆವು. ಆಕೆ ಅದನ್ನು ಬರೆದುಕೊಂಡು, ಬ್ಯಾನರನ್ನು ನೀವು ನಡೆಸುವ ನರ್ಸುಗಳ ತರಬೇತಿಗೆ ಕಟ್ಟಿ, ಅದರದೇ ಫೋಟೋ ಕಳಿಸಿ ಎಂದರು. ನಾನು ತಯಾರಿ ಮಾಡಿಕೊಂಡಿದ್ದ ವಾದವೆಲ್ಲ ಹಾಗೇ ಉಳಿಯಿತು.

ಡಾಕ್ಟರ ಹತ್ತಿರ ಮಾತಾಡಿ ಗುರುವಾರವನ್ನು ರಕ್ತಹೀನತೆಯ ಪರೀಕ್ಷೆಯ ದಿನ ಮಾಡಿದೆವು. ಎಲ್ಲ ಹೆಂಗಸರಿಗೂ ಒಂದೇ ಟೋಕನ್, ಒಂದೇ ಬೆಂಚು. ರಕ್ತ ಕೊಟ್ಟವರೆಲ್ಲ ಒಬ್ಬೊಬ್ಬರಾಗಿ ಹಿಂಬದಿಯ ಕೋಣೆ ಹೊಕ್ಕು ಬರುವುದು. ಬಾಗಿಲು ಮುಚ್ಚಿದ ಮೇಲೆ ಯಾರು ಏನು ಕೇಳಿದರು ಎನ್ನುವುದು ಒಳಗಿದ್ದವರಿಗೆ ಮಾತ್ರ ಗೊತ್ತು. ಓನರ್ ಆಂಟಿಯೇ ಮಹಡಿ ಮಹಡಿ ಹತ್ತಿ, ನೂಡಲ್ಸ್ ತಿಂದೂ ತಿಂದೂ ರಕ್ತವೇ ಇಲ್ಲ ನಿಮಗೆ, ಹೋಗಿ ತೋರಿಸಿಕೊಂಡು ಬನ್ನಿ ಎಂದು ಹುಡುಗಿಯರನ್ನು ಅಟ್ಟಿದರಂತೆ.

ತಿಂಗಳ ಕೊನೆಯ ಗುರುವಾರ ಬೆಂಚು ತುಂಬಿತ್ತು. ನನಗೆ ಅಲ್ಲಿ ಕೆಲಸವೇನೂ ಇರಲಿಲ್ಲ. ಮನೆಯಲ್ಲಿ ಕೂತು ಚಿಂತಿಸುವ ಬದಲು ಅಲ್ಲೇ ಕೂತು ಚಿಂತಿಸೋಣವೆಂದು ಹೋಗಿದ್ದೆ. ಕೋಣೆಯೊಳಗೆ ಬಹಳ ಹೊತ್ತು ಇದ್ದ ಹುಡುಗಿಯೊಬ್ಬಳು ಹೊರಗೆ ಬಂದು, ದುಪಟ್ಟಾ ಸರಿಮಾಡಿಕೊಳ್ಳುತ್ತ ನನ್ನ ಚಿಂತೆಯ ಮುಖ ನೋಡಿ, ಹೊರಟವಳು ನಿಂತಳು. ಪಕ್ಕದಲ್ಲಿ ಬಗ್ಗಿ ಪಿಸುಗುಟ್ಟಿದಳು:

"ಆಂಟಿ, ಭಯ ಪಡ್ಬೇಡಿ. ಒಳಗಿರೋ ಅಕ್ಕ ಬೈಯಲ್ಲ. ಏನ್ ಬೇಕಾದ್ರೂ ಕೇಳ್ಬಹುದು. ನಮ್ ರೂಮ್‌ಮೇಟ್ ಹೇಳಿದ್ಲು ಅಂತ್ಲೇ ನಾನೂ ಬಂದಿದ್ದು."

ನಾನು ತಲೆಯಾಡಿಸಿದೆ. ಥ್ಯಾಂಕ್ಸಮ್ಮ ಎಂದೆ. ಸರದಿಗೆ ಕಾಯುತ್ತಿರುವವಳ ಹಾಗೆಯೇ ಕೂತೆ.

ಐದು ಗಂಟೆಗೆ ಡಾಕ್ಟರು ಹೊರಡುವಾಗ ಬೆಂಚಿನಲ್ಲಿ ಇನ್ನೂ ಮೂವರಿದ್ದರು. ಅವರನ್ನೊಮ್ಮೆ, ನನ್ನನ್ನೊಮ್ಮೆ ನೋಡಿ, ಹಿಂಬದಿಯ ಕೋಣೆಯ ಬೀಗದ ಕೈಯನ್ನು ನನ್ನ ಕೈಗೆ ಹಾಕಿದರು. "ಪ್ರತಿವಾರ ನನ್ನ ಕಾಯೋದು ಬೇಡ. ಇದು ನಿಮ್ಮ ಹತ್ರಾನೇ ಇರ್ಲಿ. ಲ್ಯಾಬಿಗೆ ಬೇರೆ ಜಾಗ ನೋಡ್ತೀನಿ."

ಸಂತೋಷದಿಂದ ಬಸ್ ಹತ್ತಿದೆ. ಸೀಟೂ ಸಿಕ್ಕಿತು. ಹೆಬ್ಬಾಳ ಬರುವವರೆಗೆ, ಕೈ ಬಿಟ್ಟರೆ ಬೀಗದ ಕೈ ಎಲ್ಲಿ ಮಾಯವಾಗುವುದೋ ಎಂದು, ಚೀಲವನ್ನು ಎದೆಗೆ ಒತ್ತಿ ಹಿಡಿದೇ ಕೂತಿದ್ದೆ.