ಮಧ್ಯಾಹ್ನವೇ ನುಡಿದುಬಿಟ್ಟ ಬ್ಯಾಂಜೊ

ಆಗೆಲ್ಲ ಶನಿವಾರ ಬಂತೆಂದರೆ ವಿಲಾಯತಿಯ ಹ್ಯಾರೋದ ನಮ್ಮ ಮನೆಯ ಮುಂದಿನ ಕೋಣೆ ನಮ್ಮದಲ್ಲ. ಊರೂರು ಅಲೆಯುವ ಯಾರೋ ಹಾಡುಗಾರರ ಹಾಸಿಗೆ ಅಲ್ಲಿ ಬಿದ್ದಿರುತ್ತಿತ್ತು. ಸ್ಟೇಷನ್ ಹತ್ತಿರದ ಪಬ್ಬಿನ ಮಹಡಿಯಲ್ಲಿ ಜಾನಪದ ಹಾಡಿನ ಕ್ಲಬ್ ಇತ್ತು. ಹಾಡಲು ಬಂದವರನ್ನು ಸದಸ್ಯರೇ ಮನೆಯಲ್ಲಿ ಇಟ್ಟುಕೊಳ್ಳುವುದು ಅಲ್ಲಿಯ ರೂಢಿ. ಧಾರವಾಡದಿಂದ ಬಂದು ಇಲ್ಲಿಯ ಆಸ್ಪತ್ರೆಯಲ್ಲಿ ಕೆಲಸಕ್ಕೆ ಸೇರಿದ್ದ ಅಪ್ಪನಿಗೆ ಆ ಹುಚ್ಚು ಹೇಗೆ ಹತ್ತಿತೋ, ಕಿತ್ತಳೆ ರಸ ಕುಡಿಯುತ್ತ ಮುಂದಿನ ಸಾಲಿನಲ್ಲೇ ಕೂರುತ್ತಿದ್ದ.

ನನಗೆ ಹತ್ತು ವರ್ಷವಾಗಿದ್ದ ಅಕ್ಟೋಬರಿನಲ್ಲಿ ಪಬ್ಬಿನ ಯಜಮಾನ ಖಡಾಖಂಡಿತ ಹೇಳಿಬಿಟ್ಟ: ಈ ಶನಿವಾರ ಮಹಡಿಯ ಕೋಣೆ ತುಂಬದಿದ್ದರೆ ಅಲ್ಲಿ ಊಟದ ಮೇಜು ಹಾಕಿಸುತ್ತೇನೆ. ಅಂದು ಬರುವವನು ವಾಲ್ಟರ್. ಅಮೆರಿಕದ ಬೆಟ್ಟಸೀಮೆಯ ಬ್ಲೂಗ್ರಾಸ್ ಹಾಡುಗಳನ್ನು ಬ್ಯಾಂಜೊ ನುಡಿಸುತ್ತ ಹಾಡುವ ಮುದುಕ. ಅಪ್ಪ ಹ್ಯಾರೋ, ಪಕ್ಕದ ಕ್ವೀನ್ಸ್‌ಬರಿಯ ಕನ್ನಡದವರಿಗೆಲ್ಲ ಫೋನು ಹಚ್ಚಿದ. "ಸಂಜೀಕ ಏಳಕ್ಕ ತಪ್ಪಸಬ್ಯಾಡ್ರಿ." ಊಟಕ್ಕೆ ಕರೆಯದೆ ಬರೀ ಹಾಡಿಗೆ ಕರೆಯುವುದೆಂದರೆ ಅವ್ವನಿಗೆ ಮರ್ಯಾದೆಗೇಡು. "ಮಧ್ಯಾಹ್ನ ನಮ್ಮಲ್ಲೇ ಊಟಕ್ಕ ಬರ್ರಿ, ಇಲ್ಲಿಂದನ ಎಲ್ಲಾರೂ ಕೂಡಿ ಹೋಗೂಣು" ಎಂದಳು.

ಬಂದರು, ಮೂವತ್ತು ಜನ. ಜೋಳದ ರೊಟ್ಟಿ, ಎಣ್ಣೆಗಾಯಿ, ಶೇಂಗಾ ಹಿಂಡಿ, ತುಪ್ಪ ಸುರಿದ ಹೋಳಿಗೆ. ಅಪ್ಪ ಆಗಲೇ ಕುರ್ಚಿ ಹಾಕಲು ಪಬ್ಬಿಗೆ ಹೋಗಿದ್ದ. ಉಂಡಾದ ಮೇಲೆ ಅಜ್ಜಿ, ಬೆಳಿಗ್ಗೆಯೇ ನಮ್ಮಲ್ಲಿ ಬಂದಿಳಿದಿದ್ದ ವಾಲ್ಟರನ ಮಗ್ಗುಲಿನ ಪೆಟ್ಟಿಗೆ ತೋರಿಸಿ ನನ್ನನ್ನು ತಿವಿದಳು.

"ಏ ಪಮ್ಮಿ, ಅದರಾಗ ಏನೈತಿ? ಒಂದೀಟು ಬಾರಿಸಂತ ಹೇಳು."

"ಸಂಜೀಕ ಕೇಳೂಣಲ್ಲ ಅಜ್ಜಿ."

"ಆ ಮೆಟ್ಟಲಾ ಹತ್ತಾಕ ನಿನ್ನ ಮಣಕಾಲು ಕೊಡ್ತೀಯೇನ? ಹೇಳ ಅವಗ."

ಹೇಳಿದೆ. ವಾಲ್ಟರ್ ನಕ್ಕು ಬ್ಯಾಂಜೊ ಹೊರತೆಗೆದ. ಬಿಸಿ ಎಣ್ಣೆಯಲ್ಲಿ ಸಾಸಿವೆ ಸಿಡಿದಂತೆ ತಂತಿ ಸಿಡಿಯಿತು. ಅಜ್ಜಿ ತೊಡೆ ತಟ್ಟಿ ತಾಳ ಹಾಕಿದಳು. "ವಾ! ಇನ್ನೊಂದು" ಎಂದರು ಜನ. ಇನ್ನೊಂದು, ಮತ್ತೊಂದು ಎನ್ನುತ್ತ ಎರಡು ತಾಸು ಕಳೆದವು.

ಐದಕ್ಕೆ ಎಲ್ಲರೂ ಬೂಟು ಏರಿಸಿದರು. "ಭಾಳ ಚಲೋ ಆತ್ರಿ ವೈನಿ. ಊಟಾನೂ ಆತು, ಹಾಡೂ ಆತು. ಇನ್ನ ಮತ್ತ ಸಂಜೀಕ ಯಾಕ, ಹುಡುಗ್ರು ಹೈರಾಣಾಗ್ಯಾವು."

ಕುಂಕುಮದ ಬಟ್ಟಲು ಹಿಡಿದ ಅವ್ವ "ಹಂಗಲ್ರಿ, ಅಲ್ಲಿ ಕುರ್ಚಿ..." ಎನ್ನುತ್ತಲೇ ಇದ್ದಳು. ಬಂದವರನ್ನು ಗದರಿಸಿ ಎಲ್ಲಿಗೋ ಕಳಿಸುವುದು ಅವಳಿಂದಾಗದು.

ಏಳು ಗಂಟೆಗೆ ಪಬ್ಬಿನ ಆ ಕೋಣೆಯಲ್ಲಿ ನಾವೂ ಸೇರಿ ಒಂಬತ್ತು ಜನ.

"ಎಲ್ಲಿ ನಮ್ಮ ಮಂದಿ?" ಎಂದ ಅಪ್ಪ.

"ನಮ್ಮನ್ಯಾಗ ಕೇಳಿಬಿಟ್ರಪ್ಪಾ. ನಾನ ಬಾರಿಸಂತ ಹೇಳಿದೆ."

ಅಪ್ಪ ಬೈಯಲಿಲ್ಲ. ವಾಲ್ಟರನ ಕಣ್ಣಿಗೆ ಬೀಳಬಾರದೆಂದು ಖಾಲಿ ಕುರ್ಚಿಗಳನ್ನು ಸದ್ದಿಲ್ಲದೆ ಮಡಚಿ ಗೋಡೆಗೆ ಆನಿಸತೊಡಗಿದ.

ಮುಂದಿನ ತಿಂಗಳೇ ಅಲ್ಲಿ ಊಟದ ಮೇಜುಗಳು ಬಂದವು. ಕ್ಲಬ್ಬಿಗೆ ಬೇರೆ ಜಾಗ ಸಿಗಲಿಲ್ಲ. ಅಲೆಯುವ ಹಾಡುಗಾರರಿಗೆ ಹ್ಯಾರೋದಲ್ಲಿ ಇಳಿಯಲು ಕಾರಣವೇ ಉಳಿಯಲಿಲ್ಲ. ವಾಲ್ಟರ್ ಎರಡು ಸಲ ಕಾಗದ ಬರೆದು ಕೇಳಿದ, ಬರಲೇ ಎಂದು. ಅಪ್ಪ ಎಲ್ಲಿಗೆಂದು ಕರೆದಾನು? ಈಗ ಅಪ್ಪನಿಲ್ಲ, ಪಬ್ಬೂ ಇಲ್ಲ. ನನ್ನ ಮಗಳಿಗೆ ಬ್ಯಾಂಜೊ ಎಂದರೆ ಫೋನಿನಿಂದ ಬರುವ ಒಂದು ಸದ್ದು. ಆ ಮೂವತ್ತು ಜನರಲ್ಲಿ ಕೆಟ್ಟವರು ಯಾರೂ ಇರಲಿಲ್ಲ. ಪ್ರೀತಿಯಿಂದಲೇ ಉಂಡರು, ಪ್ರೀತಿಯಿಂದಲೇ ಕೇಳಿದರು. ಸ್ಟೇಷನ್‌ವರೆಗೆ ಹತ್ತು ನಿಮಿಷ ನಡೆಯಲಿಲ್ಲ, ಅಷ್ಟೇ.