ದೊಡ್ಡಮ್ಮನ ಎರಡನೇ ಉಯಿಲು

ನನ್ನ ಅಮ್ಮನ ಅಕ್ಕ, ಅಂದರೆ ನನ್ನ ದೊಡ್ಡಮ್ಮ, ಮದುವೆಯಾಗಲಿಲ್ಲ. ಹೈಸ್ಕೂಲಿನಲ್ಲಿ ಗಣಿತ ಕಲಿಸುತ್ತಾ ಕತ್ರಿಗುಪ್ಪೆಯಲ್ಲಿ ಸ್ವಂತ ಮನೆ ಕಟ್ಟಿಸಿದಳು. ಅದೇ ಶಾಲೆಯ ಸಂಗೀತದ ಟೀಚರ್ ಒಬ್ಬರು ಮಹಡಿಗೆ ಬಾಡಿಗೆಗೆ ಬಂದವರು, ಬರಬರುತ್ತಾ ಕೆಳಗಿನ ಮನೆಯವರೇ ಆಗಿಹೋದರು. ನಾವು ಮಕ್ಕಳೆಲ್ಲ ಅವರನ್ನು ಆಂಟಿ ಎನ್ನುತ್ತಿದ್ದೆವು. ನನಗೆ ಬುದ್ಧಿ ಬಂದಾಗಿನಿಂದ ಆ ಮನೆಯೆಂದರೆ ಅವರಿಬ್ಬರೂ.

ತನ್ನ ನಂತರ ಮನೆ ಆಂಟಿಗೆ ಸೇರಬೇಕೆಂದು ದೊಡ್ಡಮ್ಮ ಎಷ್ಟೋ ವರ್ಷಗಳ ಹಿಂದೆ ಉಯಿಲು ಬರೆದಿಟ್ಟಿದ್ದಳು. ಮನೆಮಂದಿಗೆಲ್ಲ ಅದು ಗೊತ್ತಿದ್ದ ಸಂಗತಿ. ಬರೆದಾಯಿತಲ್ಲ ಎಂದು ಯಾರೂ ಅದರ ಕಡೆ ತಿರುಗಿ ನೋಡಿರಲಿಲ್ಲ.

ದೊಡ್ಡಮ್ಮನಿಗೆ ಸಣ್ಣದೊಂದು ಸ್ಟ್ರೋಕ್ ಆಗಿ ಬಲಗೈ ಸೋತ ಮೇಲೆ, ಸುಬ್ರಹ್ಮಣ್ಯಪುರದಲ್ಲಿದ್ದ ನನ್ನ ಸೋದರಮಾವನ ಮಗ ಬರತೊಡಗಿದ. ಅವನ ಅಪ್ಪ ತೀರಿಕೊಂಡ ಮೇಲೆ ಹಬ್ಬಕ್ಕೂ ಬಾರದಿದ್ದವನು ಈಗ ಎಳನೀರು, ಪಪಾಯ ಹಿಡಿದು ಬರುತ್ತಿದ್ದ. ಮೊದಮೊದಲು ನನಗೂ ಸಂತೋಷವೇ ಆಯಿತು. ಒಂದು ದಿನ ಹೋದಾಗ ಗೇಟಿಗೆ ಹೊಸ ಬೀಗ. "ಸೇಫ್ಟಿಗೆ ಹಾಕ್ಸಿದೀನಿ ಅಕ್ಕ, ಒಂದು ಕೀ ನನ್ಹತ್ರ ಇರ್ಲಿ" ಎಂದ. ಇನ್ನೊಂದು ದಿನ ಎದುರಿನ ಫುಟ್‌ಪಾತಿನಲ್ಲಿ ಯಾರೋ ಇಬ್ಬರು ನಿಂತು ಮನೆಯ ಫೋಟೊ ತೆಗೆಯುತ್ತಿದ್ದರು. ಇವನು ಕೈಚಾಚಿ ಸೈಟು ಎಲ್ಲಿಯವರೆಗಿದೆ ಎಂದು ತೋರಿಸುತ್ತಿದ್ದ. ಒಳಗೆ ಆಂಟಿ ಪರದೆ ಎಳೆದುಕೊಂಡು ಕೂತಿದ್ದರು.

"ನಿಮ್ಮ ಕಡೆಯವ್ರು ಯಾರೂ ಇಲ್ವಾ, ಮುಂದೆ ಎಲ್ಲಿರ್ತೀರ ಅಂತ ಕೇಳ್ದ ಕಣೇ" ಎಂದರು ಮೆಲ್ಲಗೆ.

ಮರುದಿನವೇ ಹಳೆಯ ಉಯಿಲು ಹಿಡಿದು ಜಯನಗರದ ವಕೀಲೆಯೊಬ್ಬರ ಬಳಿಗೆ ಹೋದೆ. ಅವರು ಕೊನೆಯ ಪುಟ ನೋಡಿ, "ಈ ಇಬ್ಬರು ಸಾಕ್ಷಿಗಳು ಎಲ್ಲಿದ್ದಾರೆ?" ಎಂದರು. ಇಬ್ಬರೂ ತೀರಿಹೋಗಿದ್ದರು. ಉಯಿಲನ್ನು ಜಾರಿಗೆ ತರಬೇಕಾದವಳೆಂದು ಹೆಸರಿಸಿದ್ದ ನನ್ನ ಅಮ್ಮನೂ ಇರಲಿಲ್ಲ.

"ಇದೇನೂ ಬಿದ್ದುಹೋಗಲ್ಲ. ಆದ್ರೆ ಯಾರಾದ್ರೂ ತಕರಾರು ತೆಗೆದ್ರೆ ಪ್ರೂವ್ ಮಾಡೋದು ಕಷ್ಟ. ಅವ್ರ ಬುದ್ಧಿ ನೆಟ್ಟಗಿರೋವಾಗ್ಲೇ ಹೊಸದು ಮಾಡ್ಸಿ. ಡಾಕ್ಟರ್ ಸರ್ಟಿಫಿಕೇಟ್ ತಗೊಳ್ಳಿ, ವಯಸ್ಸಲ್ಲಿ ಚಿಕ್ಕವ್ರನ್ನ ಸಾಕ್ಷಿ ಹಾಕ್ಸಿ, ರಿಜಿಸ್ಟರ್ ಮಾಡ್ಸಿ. ತಡ ಮಾಡ್ಬೇಡಿ."

ದೊಡ್ಡಮ್ಮ ತಡ ಮಾಡಿದಳು. ಆಷಾಢ ಕಳೀಲಿ ಎಂದಳು. ಶ್ರಾವಣ ಬಂದಾಗ, ಹಬ್ಬದ ದಿನಗಳಲ್ಲಿ ಸಾವಿನ ಮಾತು ಬೇಡ ಎಂದಳು. ಅಷ್ಟರಲ್ಲಿ ಒಂದು ಸಂಜೆ ನನ್ನನ್ನು ಅಮ್ಮನ ಹೆಸರು ಹಿಡಿದು ಕರೆದಳು. ನಾನು ತಿದ್ದಿದೆ. ನಕ್ಕಳು, ಮತ್ತೆ ಹಾಗೇ ಕರೆದಳು. ಆಂಟಿ ನನ್ನನ್ನು ಅಡುಗೆಮನೆಗೆ ಕರೆದೊಯ್ದು, "ಬೆಳಗ್ಗೆ ಸರಿಯಾಗೇ ಇರ್ತಾಳೆ. ಮಧ್ಯಾಹ್ನದ ಮೇಲೆ ಹೀಗೆ" ಎಂದರು.

ಆ ವಾರ ಸೋದರಮಾವನ ಮಗ ಫೋನ್ ಮಾಡಿದ. "ಲಾಯರ್ ಹತ್ರ ಓಡಾಡ್ತಿದೀಯಂತೆ? ಯಾಕಕ್ಕ? ಹಳೇ ಪೇಪರ್ ಕೋರ್ಟಲ್ಲಿ ನಿಲ್ಲಲ್ಲ. ನೀನು ಸುಮ್ನಿದ್ರೆ ನಿಂಗೂ ಪಾಲು ಬರುತ್ತೆ, ನಂಗೂ ಬರುತ್ತೆ. ಆ ಯಮ್ಮ ನಮಗೇನಾಗ್ಬೇಕು?" ಊಟ ಆಯ್ತಾ ಎಂದು ವಿಚಾರಿಸುವಷ್ಟು ತಣ್ಣಗೆ ಹೇಳಿದ. ನಾನು ವಕೀಲರ ಬಳಿ ಹೋದದ್ದು ಅವನಿಗೆ ಹೇಗೆ ತಿಳಿಯಿತೋ, ಇಂದಿಗೂ ನನಗೆ ಗೊತ್ತಿಲ್ಲ.

ಕೊನೆಗೆ ದೊಡ್ಡಮ್ಮ ಒಪ್ಪಿದಳು. ಡಾಕ್ಟರು ಪರೀಕ್ಷಿಸಿ ಬರೆದುಕೊಟ್ಟರು. ಬೆಳಗ್ಗೆ ಬಾಗಿಲು ತೆರೆಯುವ ಹೊತ್ತಿಗೇ ಸಬ್ ರಿಜಿಸ್ಟ್ರಾರ್ ಕಚೇರಿಗೆ ಹೋದೆವು. ಸಾಕ್ಷಿಗಳಾಗಿ ನನ್ನ ಸಹೋದ್ಯೋಗಿ ಹಾಗೂ ಮಹಡಿಯ ಬಾಡಿಗೆಯ ಹುಡುಗಿ ಬಂದಿದ್ದರು. "ಸರ್ವರ್ ಡೌನ್ ಇದೆ ಮೇಡಂ, ಕೂತ್ಕೊಳಿ" ಎಂದರು. ಕೂತೆವು. ಬಿಸಿಲು ಏರಿತು. ಮಧ್ಯಾಹ್ನವಾಗುತ್ತಿದ್ದಂತೆ ದೊಡ್ಡಮ್ಮ ಸೆರಗಿನ ಅಂಚನ್ನು ಮಡಚಿ ಬಿಚ್ಚಿ ಮಡಚಲು ಶುರುಮಾಡಿದಳು. "ಬೆಲ್ ಹೊಡೀತಾ?" ಎಂದು ಕೇಳಿದಳು. ಆಂಟಿ ಅವಳ ಕೈ ಹಿಡಿದುಕೊಂಡರು. ಆಗಲೇ ಸೋದರಮಾವನ ಮಗ ಮೆಟ್ಟಿಲು ಹತ್ತಿ ಬಂದ.

ನಮ್ಮ ಸರದಿ ಬಂದಾಗ ಅವನೇ ಮುಂದೆ ಹೋಗಿ, "ಸಾರ್, ನಮ್ಮತ್ತೆಗೆ ನೆನಪಿನ ಶಕ್ತಿ ಇಲ್ಲ, ಇವ್ರೆಲ್ಲ ಸೇರಿ ಬರೆಸ್ತಿದಾರೆ" ಎಂದ. ಅಧಿಕಾರಿ ದೊಡ್ಡಮ್ಮನನ್ನು ಕುರ್ಚಿಯಲ್ಲಿ ಕೂರಿಸಿ, ಉಳಿದವರನ್ನೆಲ್ಲ ತೆರೆದಿದ್ದ ಬಾಗಿಲಾಚೆ ನಿಲ್ಲಿಸಿದರು.

"ಏನು ಮಾಡ್ಸಕ್ಕೆ ಬಂದಿದೀರಮ್ಮ?"

ದೊಡ್ಡಮ್ಮ ಸೆರಗಿನ ಅಂಚನ್ನು ಮಡಚಿದಳು, ಬಿಚ್ಚಿದಳು, ಮತ್ತೆ ಮಡಚಿದಳು. ನನ್ನ ಪಕ್ಕದಲ್ಲಿ ಅವನು ಉಸಿರು ಬಿಟ್ಟದ್ದು ಕೇಳಿಸಿತು.

"ವಿಲ್. ಮನೆ ಅವಳಿಗೆ" ಎಂದು ಆಂಟಿಯ ಕಡೆ ಎಡಗೈ ತೋರಿದಳು.

"ಅವ್ರು ನಿಮಗೇನಾಗ್ಬೇಕು?"

"ನಮ್ಮನೆಯವಳು."

ಅಧಿಕಾರಿ ಮತ್ತೂ ಕೆಲವು ಪ್ರಶ್ನೆ ಕೇಳಿದರು. ಅವಳು ಒಂದಕ್ಕೂ ತಪ್ಪಲಿಲ್ಲ. ಎಡ ಹೆಬ್ಬೆರಳೊತ್ತಿದಳು. ಆಟೊದಲ್ಲಿ ಮನೆಗೆ ಬರುವಾಗ ಎಲ್ಲಿಗೆ ಹೋಗಿದ್ದೆವೆಂದು ನನ್ನನ್ನೇ ಕೇಳಿದಳು.

ಆ ಚಳಿಗಾಲದಲ್ಲಿ ದೊಡ್ಡಮ್ಮ ಹೋದಳು. ವೈಕುಂಠ ಸಮಾರಾಧನೆಯ ಊಟ ಮುಗಿಸಿ ಹೋದ ಸೋದರಮಾವನ ಮಗ ಉಯಿಲಿನ ಮೇಲೆ ಕೇಸು ಹಾಕಿದ. ಆಂಟಿ ಎಷ್ಟೋ ಸಲ ಕೋರ್ಟಿನ ಬೆಂಚಿನ ಮೇಲೆ ತಲೆ ತಗ್ಗಿಸಿ ಕೂರಬೇಕಾಯಿತು. ಡಾಕ್ಟರು, ಇಬ್ಬರು ಸಾಕ್ಷಿಗಳು ಬಂದು ಹೇಳಿದ ಮೇಲೆ ಅವನ ಕೇಸು ಬಿತ್ತು. ಮನೆಯ ಖಾತೆ ಆಂಟಿಯ ಹೆಸರಿಗಾಯಿತು.

ಈಗ ಆಂಟಿ ಉಯಿಲು ಬರೆಯಬೇಕು. "ನಿನ್ನ ಹೆಸ್ರಿಗೇ ಬರೀತೀನಿ" ಎನ್ನುತ್ತಾರೆ. ನಾನು ಬೇಡವೆಂದೆ. ನಾನೇ ಮನೆ ಲಪಟಾಯಿಸಲು ಇದೆಲ್ಲ ಮಾಡಿಸಿದೆನೆಂದು ಅವನು ಕೋರ್ಟಿನಲ್ಲಿ ಹೇಳಿದ್ದ. ಹಾಗಾದರೆ ಯಾರಿಗೆ ಎಂದರೆ, "ನೋಡೋಣ ಬಿಡು" ಎನ್ನುತ್ತಾರೆ. ಕಳೆದ ವಾರ ಬಚ್ಚಲಲ್ಲಿ ತಲೆ ಸುತ್ತಿ ಕೂತುಬಿಟ್ಟಿದ್ದರು. ನಾನು ವಕೀಲೆಗೆ ಫೋನ್ ಮಾಡಿದೆ. ಸೋಮವಾರ ಬೆಳಗ್ಗೆ ಅವರೊಬ್ಬರೇ ಹೋಗಿ ಆಂಟಿಯ ಜೊತೆ ಮಾತಾಡುತ್ತಾರಂತೆ. ನಾನು ಬರೆಸಿದೆನೆಂದು ನಾಳೆ ಯಾರೂ ಹೇಳದಿರಲೆಂದು, ಆ ದಿನ ನಾನು ಆ ಬೀದಿಗೂ ಕಾಲಿಡಬಾರದು ಎಂದಿದ್ದಾರೆ.